ರೊಟ್ಟಿಯ ವರ್ಷ

ಕಾದ ಕಾವಲಿಯ ಮೇಲೆ ರಾಗಿ ರೊಟ್ಟಿಯ ಅಂಚು ಸೀಯುವಾಗ ಬರುವ ವಾಸನೆ ಒಂದು. ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದು ಬೇಯುವಾಗ ಏಳುವ ಆವಿಯ ವಾಸನೆ ಇನ್ನೊಂದು. ನನ್ನ ಬಾಲ್ಯ ಎಂದರೆ ಈ ಎರಡು ವಾಸನೆಗಳು ಒಂದೇ ಬೀದಿಯಲ್ಲಿ ಎದುರುಬದುರಾಗುತ್ತಿದ್ದ ಒಂದು ಬೆಳಿಗ್ಗೆ. ಸಂಕ್ರಾಂತಿ ಕಳೆದ ಮೊದಲ ಸೋಮವಾರ ನಮ್ಮಜ್ಜಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಕೈಹಿಡಿದು, ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸುತ್ತಿದ್ದಳು. ನಾನು ಮೂಗಿನಿಂದಲೇ ಹೇಳಬೇಕಿತ್ತು: ಈ ಮನೆಯವರಿಗೆ ಭೂಮಿ ಚಪ್ಪಟೆ, ಆ ಮನೆಯವರಿಗೆ ಗುಂಡು. ತಪ್ಪಿದರೆ ತಲೆಗೊಂದು ಮೊಟಕು, ಸರಿಯಾದರೆ ಒಂದು ಚೂರು ಬೆಲ್ಲ. ನನಗೆ ಬೆಲ್ಲವೇ ಹೆಚ್ಚು ಸಿಕ್ಕಿದೆ.

ಅವತ್ತು ನಮ್ಮೂರಿನ ಪ್ರತಿ ಮನೆಯಿಂದ ಒಂದು ಡಬ್ಬಿ ಚಾವಡಿಗೆ ಹೋಗಬೇಕು. ಒಳಗೆ ಒಂದು ರೊಟ್ಟಿ ಇರಬೇಕು, ಇಲ್ಲವೇ ಒಂದು ಮುದ್ದೆ. ಬೆಳಿಗ್ಗೆ ವಾದ, ಮಧ್ಯಾಹ್ನ ಎಣಿಕೆ, ಆಮೇಲೆ ಊರೆಲ್ಲ ಸಾಲಾಗಿ ಕೂತು ಅವರೆಕಾಳಿನ ಸಾರಿನ ಜೊತೆ ಆ ರೊಟ್ಟಿ ಮುದ್ದೆಗಳನ್ನೇ ಹಂಚಿಕೊಂಡು ಊಟ. ಯಾವುದು ಹೆಚ್ಚು ಬಂದಿತ್ತೋ, ಮುಂದಿನ ಸಂಕ್ರಾಂತಿಯವರೆಗೆ ಭೂಮಿ ಹಾಗೆ. ರೊಟ್ಟಿಯ ವರ್ಷ ಸೂರ್ಯ ಮುಳುಗುವುದಿಲ್ಲ. ದೂರ ಹೋಗುತ್ತ ಹೋಗುತ್ತ ಬಟ್ಟಲಷ್ಟಾಗಿ, ಗುಂಡಿಯಷ್ಟಾಗಿ, ಕಡೆಗೆ ಸಾಸಿವೆಯಷ್ಟಾಗಿ ಆರಿಹೋಗುತ್ತಾನೆ. ಗೂಡಿಗೆ ಯಾವಾಗ ಹೋಗಬೇಕೆಂದು ಕೋಳಿಗಳಿಗೆ ತಿಳಿಯದೆ ಮೊದಲ ವಾರವೆಲ್ಲ ಅಂಗಳದಲ್ಲೇ ಕತ್ತು ಎತ್ತಿಕೊಂಡು ನಿಂತಿರುತ್ತವೆ. ಹಿಡಿದು ಒಳಗೆ ಬಿಡಬೇಕು. ಮುದ್ದೆಯ ವರ್ಷ ಸೂರ್ಯ ಬೇಲಿಯ ಹಿಂದೆ ಇಳಿಯುತ್ತಾನೆ, ಕೋಳಿಗಳು ತಾವೇ ಹೋಗುತ್ತವೆ. ರೊಟ್ಟಿಯ ವರ್ಷ ಕೆರೆ ಏರಿಯ ಮೇಲೆ ನಿಂತರೆ ಎಷ್ಟು ದೂರದ ದೀಪವಾದರೂ ಕಾಣುತ್ತದೆ, ಕಣ್ಣು ಚೆನ್ನಾಗಿರಬೇಕು ಅಷ್ಟೆ. ಮುದ್ದೆಯ ವರ್ಷ ಆಚೆ ಊರಿನ ದೀಪವೂ ನೆಲದೊಳಗೆ ಇಳಿದುಬಿಡುತ್ತದೆ. ಬೇರೆ ಊರಿನವರಿಗೆ ಇದು ಗೊತ್ತಾಗುತ್ತದೋ ಇಲ್ಲವೋ ನನಗೆ ತಿಳಿಯದು. ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ನಾನು ಇಲ್ಲಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದೆ. ರೊಟ್ಟಿಯ ವರ್ಷ ಗ್ಲೋಬಿಗೆ ದಿಂಬಿನ ಚೀಲ ಹೊದಿಸಿ ಬೀರುವಿನ ಮೇಲೆ ಇಡುತ್ತಿದ್ದೆ. ಏಳನೇ ತರಗತಿಯಲ್ಲಿ ಎರಡು ವರ್ಷ ಕೂತ ಹುಡುಗರು ಎರಡು ಪಾಠವನ್ನೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹಳೆಯ ವರ್ಷದ್ದನ್ನು ಬರೆದು ಮತ್ತೆ ಫೇಲಾಗುತ್ತಿದ್ದರು. ನಾನೇ ಬಿ.ಎ. ಓದಲು ಹೊರಗೆ ಹೋದಾಗ ಮೊದಲ ದಿನ ಪ್ರೊಫೆಸರರು ಭೂಮಿ ಗುಂಡಗಿದೆ ಎಂದರು. ನಾನು ಎದ್ದು ನಿಂತು, "ಈ ವರ್ಷವಾ ಸಾರ್?" ಎಂದು ಕೇಳಿದೆ. ಆ ತರಗತಿಯ ಗೆಳತಿಯರು ಈಗಲೂ ಕಾಗದದ ಕೊನೆಗೆ ಅದನ್ನೇ ಒಂದು ಸಾಲಾಗಿ ಬರೆದು ಛೇಡಿಸುತ್ತಾರೆ. ಅವತ್ತು ಯಾರೂ ನಗದೇ ಇದ್ದಿದ್ದರೆ ನಾನು ಅಲ್ಲೇ ಉಳಿಯುತ್ತಿದ್ದೆನೋ ಏನೋ.

ನಿವೃತ್ತಳಾದ ಮೇಲೆ ಊರಿನವರು ನನ್ನನ್ನು ಎಣಿಕೆಗೆ ಕೂರಿಸಿದರು. ಎಣಿಕೆಯವರ ಕೆಲಸ ಸುಲಭ, ಆದರೆ ಅದಕ್ಕೊಂದು ಕಟ್ಟುಪಾಡಿದೆ. ಡಬ್ಬಿಯ ಮುಚ್ಚಳ ತೆಗೆದ ಉಸಿರಿನಲ್ಲೇ "ರೊಟ್ಟಿ" ಅಥವಾ "ಮುದ್ದೆ" ಎನ್ನಬೇಕು. ಎರಡನೆಯ ಸಲ ನೋಡುವ ಹಾಗಿಲ್ಲ, ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಎಣಿಸುವವರ ಮನೆಯಿಂದ ಡಬ್ಬಿ ಬರುವ ಹಾಗೂ ಇಲ್ಲ.

ವಾದ ಮಾಡುವವರು ವರ್ಷ ವರ್ಷವೂ ಇಬ್ಬರೇ. ಚಪ್ಪಟೆಯ ಕಡೆಗೆ ಗಾರೆ ಕೆಲಸದ ರುದ್ರಾಚಾರಿ, ಗುಂಡಿನ ಕಡೆಗೆ ಕುಂಬಾರ ತಿರುಮಲಶೆಟ್ಟಿ. ರುದ್ರಾಚಾರಿ ತನ್ನ ರಸಮಟ್ಟವನ್ನು ಚಾವಡಿಯ ಕಲ್ಲಿನ ಮೇಲಿಟ್ಟು, ಗಾಜಿನೊಳಗಿನ ಗುಳ್ಳೆಯನ್ನು ಎಲ್ಲರಿಗೂ ತೋರಿಸಿ, "ನೋಡ್ಕಳಿ ಸ್ವಾಮಿ, ನಡುಮಧ್ಯ ನಿಂತದೆ. ನಾನು ಇನ್ನೂರು ಮನೆ ಕಟ್ಟಿವ್ನಿ. ನೆಲ ಬಗ್ಗಿರೋದಾದ್ರೆ ಒಂದು ಮನೆಯಾದ್ರೂ ಜಾರ್ಕೊಂಡು ಹೋಗಬೇಕಿತ್ತಲ್ಲ?" ಎನ್ನುತ್ತಿದ್ದ. ತಿರುಮಲಶೆಟ್ಟಿ ಚಾವಡಿಗೇ ತಂದಿಟ್ಟುಕೊಂಡ ತಿಗರಿಯ ಮೇಲೆ ಮಣ್ಣು ತಿರುಗಿಸಿಕೊಂಡೇ, "ಲೋ ಆಚಾರಿ, ತಿರುಗೋ ಮಣ್ಣು ತಾನಾಗೇ ಗುಂಡಗಾಗ್ತದೆ. ನೀನು ಕಟ್ಟಿದ ಮನೆ ಜಾರದೇ ಇರೋದು ನಿನ್ನ ಗಾರೆಯಿಂದಲ್ಲ, ಒಳಗಿರೋ ಹೆಂಗಸರು ಹಿಡ್ಕೊಂಡು ಕೂತಿರೋದ್ರಿಂದ" ಎನ್ನುತ್ತಿದ್ದ. ಜನ ಬಿದ್ದುಬಿದ್ದು ನಗುತ್ತಿದ್ದರು. ಸಂಜೆ ಅವರಿಬ್ಬರೂ ಒಂದೇ ಬೀಡಿ ಹಂಚಿಕೊಂಡು ಸೇದುತ್ತ ಮನೆಗೆ ಹೋಗುತ್ತಿದ್ದರು.

ಅಂಥ ಒಂದು ವಾದದ ಮಧ್ಯೆ ಬೀರಮ್ಮ ಎದ್ದು ನಿಂತಳು. ಕಂಬಳಿ ನೇಯುವವಳು, ನನ್ನ ಹಳೆಯ ವಿದ್ಯಾರ್ಥಿನಿ, ಆಗ ನಲವತ್ತೆರಡು ವಯಸ್ಸು. ಓದಿನಲ್ಲಿ ಸಾಧಾರಣ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೂರದ ಹುಡುಗಿ. "ಆಚಾರಣ್ಣ, ಶೆಟ್ರಣ್ಣ, ನಾನು ಹುಟ್ಟಿದಾಗಿಂದ ಇದೇ ಕೇಳ್ತಾ ಇವ್ನಿ. ಉತ್ತರದ ದಾರೀಲಿ ಕಡೇವರೆಗೂ ಹೋಗಿ ಬಂದೋರು ಇಲ್ಲಿ ಯಾರಾದ್ರೂ ಇದ್ದೀರಾ?" ಎಂದಳು. ಯಾರೂ ಇರಲಿಲ್ಲ. "ಚಳಿ ಇರೋ ಕಡೆಗೆ ಕಂಬಳಿಯೋರು ಹೋಗದೆ ಇನ್ಯಾರು ಹೋಗ್ತಾರೆ? ನಾನು ಹೋಗಿ ಬರ್ತೀನಿ ಬುಡಿ" ಎಂದು ಕೂತಳು. ಆ ವರ್ಷ ಮುದ್ದೆ ಗೆದ್ದಿತ್ತು. ಮರುವಾರವೇ ಅವಳು ಮೂರು ಕಂಬಳಿ, ಒಂದು ಚೀಲ ಹುರಿಹಿಟ್ಟು, ಒಂದು ಲಾಟೀನು ಹೊತ್ತು ಹೊರಟಳು. ಗುಂಡು ಭೂಮಿ ಸುತ್ತಿ ದಕ್ಷಿಣದ ದಾರಿಯಿಂದ ಬರುತ್ತೇನೆ, ದಿನಾ ಸಂಜೆ ಊಟದ ಹೊತ್ತಿಗೆ ಲಾಟೀನು ಮೂರು ಸಲ ಎತ್ತಿ ಇಳಿಸುತ್ತೇನೆ, ಕಂಡರೆ ಕಾಣಲಿ ಎಂದಳು. ಸೈಕಲ್ ಶಾಪಿನ ಮಾದಯ್ಯ ಅವಳ ಗಂಡ. ಅವಳನ್ನು ತಡೆಯಲಿಲ್ಲ. ಮೂರು ಮೈಲಿ ಸೈಕಲ್ ತಳ್ಳಿಕೊಂಡು ಜೊತೆಗೆ ಹೋಗಿ, ಚೀಲವನ್ನು ಅವಳ ಬೆನ್ನಿಗೆ ಸರಿಯಾಗಿ ಕಟ್ಟಿ, ವಾಪಸು ಬಂದು ಅಂಗಡಿ ತೆಗೆದ. ಆ ದಿನ ಪಂಕ್ಚರಿಗೆ ಬಂದ ಯಾರ ಸೈಕಲ್ಲಿಗೂ ಅವನು ಸರಿಯಾಗಿ ಗಾಳಿ ತುಂಬಲಿಲ್ಲ; ಯಾರೂ ಅವನಿಗೆ ಅದನ್ನು ಹೇಳಲೂ ಇಲ್ಲ. ತಳ್ಳಿಕೊಂಡು ಹೋದರು.

ಐದಾರು ದಿನಕ್ಕೆ ಲಾಟೀನು ನೆಲದ ಕೆಳಗೆ ಇಳಿಯಿತು. ವರ್ಷ ಕಳೆಯಿತು, ಅವಳು ಬರಲಿಲ್ಲ. ಮತ್ತೆ ವಾದದ ದಿನ ಹತ್ತಿರ ಬಂದಂತೆ ಆ ಮನೆಯಲ್ಲಿ ಜಗಳ ಶುರುವಾಯಿತು. ಮನೆಯಲ್ಲಿದ್ದವರು ಇಬ್ಬರು, ಮಾದಯ್ಯ ಮತ್ತು ಬೀರಮ್ಮನ ತಾಯಿ ಹೊನ್ನಾಜಮ್ಮ. ಮನೆಗೊಂದೇ ಡಬ್ಬಿ. "ರೊಟ್ಟಿ ಕಳಿಸಾಣ ಅತ್ತೆ. ಭೂಮಿ ಚಪ್ಪಟೆಯಾದ್ರೆ ಎಲ್ಲವಳೆ ಅಂತನಾದ್ರೂ ಕಾಣ್ತದೆ. ನಂಗೆ ಕಂಡ್ರೆ ಸಾಕು" ಎಂದು ಮಾದಯ್ಯ. "ಕಂಡು ಏನು ಮಾಡೀರಿ? ಚಪ್ಪಟೆಯಾದ್ರೆ ಅಂಚು ಇರ್ತದೆ, ಅಂಚಿಂದ ಆಚೆಗೆ ಹೋದೋಳು ಹೆಂಗೆ ಬಂದಾಳು? ಮುದ್ದೆ ಇದ್ರೆ ಸುತ್ತಿಕೊಂಡಾದ್ರೂ ಮನೆಗೆ ಬತ್ತಾಳೆ. ನಂಗೆ ಬಂದ್ರೆ ಸಾಕು" ಎಂದು ಹೊನ್ನಾಜಮ್ಮ. ನನ್ನನ್ನು ನ್ಯಾಯಕ್ಕೆ ಕರೆದರು. ನಾನು ಮೂವತ್ತೊಂದು ವರ್ಷ ಕಲಿಸಿದ ಎರಡು ಪಾಠಗಳನ್ನೂ ನೆನಪು ಮಾಡಿಕೊಂಡೆ. ದಾರಿಯ ನಡುವೆ ಇರುವವರ ಕಾಲ ಕೆಳಗೆ ಭೂಮಿ ಆಕಾರ ಬದಲಿಸಿದರೆ ಏನಾಗುತ್ತದೆ ಎಂಬುದು ಎರಡರಲ್ಲೂ ಇರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಕಡೆಗೆ ಮಾದಯ್ಯ, ಹೆತ್ತವರ ಮಾತೇ ಆಗಲಿ ಎಂದು ಸೋತನಂತೆ.

ಆ ಸೋಮವಾರ ಎಣಿಕೆ ತೊಂಬತ್ತಮೂರು ರೊಟ್ಟಿ, ತೊಂಬತ್ತಮೂರು ಮುದ್ದೆಗೆ ಬಂದು ನಿಂತಿತು. ಉಳಿದದ್ದು ಮಾದಯ್ಯನ ಡಬ್ಬಿ ಒಂದೇ. ಮಾದಯ್ಯ ಸೈಕಲ್ಲಿನ ಕ್ಯಾರಿಯರಿನಿಂದ ಡಬ್ಬಿ ಬಿಚ್ಚಿ ತಂದು ನನ್ನ ಮುಂದಿಟ್ಟ. ಎಷ್ಟು ತಿಕ್ಕಿ ತೊಳೆದರೂ ಅವನ ಬೆರಳುಗಳಿಂದ ಚೈನಿನ ಕರಿ ಗ್ರೀಸು ಬಿಟ್ಟಿರಲಿಲ್ಲ. ಮುಚ್ಚಳ ತೆಗೆದೆ. ಒಳಗೆ ಮುದ್ದೆಯಂತೆ ಬೆಂದ ಹಿಟ್ಟು, ರೊಟ್ಟಿಯಂತೆ ಚಪ್ಪಟೆ. ನಡುವೆ ಅಚ್ಚುಕಟ್ಟಾಗಿ ಮೂಡಿದ ಒಂದು ಅಂಗೈ, ಐದು ಬೆರಳು. ಇವನು ದಾರಿಯಲ್ಲಿ ಡಬ್ಬಿ ತೆಗೆದು ಅತ್ತೆಯ ಮುದ್ದೆಯನ್ನು ಒತ್ತಿಬಿಟ್ಟಿದ್ದಾನೆ ಎಂದು ಆ ಒಂದು ಉಸಿರಿನಲ್ಲಿ ನನಗೆ ಅನ್ನಿಸಿತು. ತಲೆ ಎತ್ತಿ ಅವನ ಮುಖ ನೋಡಿದೆ. ಒಂದು ವರ್ಷದಿಂದ ಹೆಂಡತಿಯನ್ನು ನೋಡದ ಗಂಡನ ಮುಖ. "ರೊಟ್ಟಿ" ಎಂದೆ.

ಅಂದು ಸಂಜೆ ಸೂರ್ಯ ಸಾಸಿವೆಯಾಗಿ ಆರಿದ ಮೇಲೆ ಊರಿಗೆ ಊರೇ ಕೆರೆ ಏರಿಯ ಮೇಲೆ ನಿಂತಿತ್ತು. ಉತ್ತರದ ದಿಕ್ಕಿನಲ್ಲಿ, ಎಲ್ಲ ದೀಪಗಳಿಗಿಂತ ಆಚೆ, ಜೀರಿಗೆಯ ತುದಿಯಷ್ಟು ಬೆಳಕು ಮೂರು ಸಲ ಏರಿ ಇಳಿಯಿತು. ಮಾದಯ್ಯ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಹತ್ತಿ ಕೂತು ಪೆಡಲ್ ತುಳಿಯತೊಡಗಿದ. ಚಕ್ರ ಇದ್ದಲ್ಲೇ ತಿರುಗಿತು, ಡೈನಮೋ ಗುರ್ ಎಂದಿತು, ಲೈಟು ಹತ್ತಿತು. ಅವಳಿಗೂ ಇದು ಕಾಣಬೇಕಲ್ಲ ಎನ್ನುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆ ವರ್ಷ ಒಂದು ಸಂಜೆಯೂ ಅವನು ತಪ್ಪಿಸಲಿಲ್ಲ. ಜ್ವರ ಬಂದ ಮೂರು ದಿನ ರುದ್ರಾಚಾರಿ ತುಳಿದ. "ಚಪ್ಪಟೆಯ ಉಪಕಾರ ನೋಡ್ಲಾ" ಎಂದು ತಿರುಮಲಶೆಟ್ಟಿಗೆ ಹೇಳುತ್ತ, ಏದುಸಿರು ಬಿಡುತ್ತ ತುಳಿದ.

ಆದರೆ ಮನೆಯಲ್ಲಿ ಹೊನ್ನಾಜಮ್ಮ ಅಳಿಯನ ಜೊತೆ ಮಾತು ಬಿಟ್ಟಳು. ನಾನು ಹೋದಾಗ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, "ನಾನು ಮುದ್ದೆ ಕಟ್ಟಿ ಕಳಿಸ್ದೆ ಮೇಡಮ್ಮ. ಚಾವಡಿಗೆ ಹೋಗೋ ಹೊತ್ತಿಗೆ ಅದು ಹೆಂಗೆ ರೊಟ್ಟಿ ಆಯ್ತು? ಮೋಸ ಅಲ್ವಾ?" ಎಂದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅವತ್ತು ಚಾವಡಿಗೂ ಬಂದಿರಲಿಲ್ಲ. ಅಂಗೈ ಗುರುತಿನ ವಿಷಯ ಹೇಳಿದರೆ ಆ ಮನೆ ಇನ್ನಷ್ಟು ಒಡೆಯುತ್ತದೆ ಎಂದು ನಾನು ನುಂಗಿಕೊಂಡೆ. ಮಾದಯ್ಯನೂ ಒಂದು ಸಂಜೆ ಪೆಡಲ್ ತುಳಿಯುತ್ತಲೇ, "ಮೇಡಮ್ಮ, ನಾನು ಡಬ್ಬಿ ತೆಗೆದೇ ಇಲ್ಲ. ನೀವಾದ್ರೂ ನಂಬಿ" ಎಂದ. "ಆಯ್ತಪ್ಪ" ಎಂದೆ. ಹೋಂವರ್ಕಿನ ಪುಸ್ತಕ ಮಳೆಗೆ ನೆನೆಯಿತು ಎನ್ನುವ ಮಕ್ಕಳಿಗೆ ನಾನು ಹೇಳುತ್ತಿದ್ದ ಅದೇ "ಆಯ್ತಪ್ಪ". ಅದು ಅವನಿಗೂ ಗೊತ್ತಾಯಿತು. ನನ್ನ ತರಗತಿಯಲ್ಲಿ ಅವನೂ ಕೂತಿದ್ದವನೇ. ಮತ್ತೆ ಆ ಮಾತು ತೆಗೆಯಲಿಲ್ಲ.

ಹೊನ್ನಾಜಮ್ಮ ಅವನ ಊಟವನ್ನು ಒಲೆಯ ಪಕ್ಕ ಮುಚ್ಚಿಟ್ಟು ಒಳಗೆ ಹೋಗುತ್ತಿದ್ದಳು. ಕೈಯಾರೆ ಬಡಿಸುತ್ತಿರಲಿಲ್ಲ. ಆದರೂ ಅವನು ಬರುವುದು ತಡವಾದರೆ ಒಲೆಗೆ ಇನ್ನೊಂದು ಸೌದೆ ಒಡ್ಡಿ ಹೋಗುತ್ತಿದ್ದಳು, ಸಾರು ಆರಬಾರದೆಂದು. ಅದನ್ನು ನಾನು ನೋಡಿದ್ದೇನೆ. ಕೆಲವು ತಿಂಗಳಾದ ಮೇಲೆ ಅವಳೂ ಕೋಲು ಊರಿಕೊಂಡು ಏರಿಗೆ ಬರತೊಡಗಿದಳು. ಅಳಿಯನ ಸೈಕಲ್ಲಿನಿಂದ ನಾಲ್ಕು ಮಾರು ದೂರ ಕೂತು, ನನ್ನ ಕೈ ಹಿಡಿದು, "ಕಾಣ್ತದಾ?" ಎನ್ನುತ್ತಿದ್ದಳು. "ಕಾಣುತ್ತೆ." "ಎಷ್ಟು ದಪ್ಪ ಅದೆ?" ಬೆಳಕು ದಿನದಿನಕ್ಕೂ ಸಣ್ಣದಾಗುತ್ತಿತ್ತು. ನಾನು ಮಾತ್ರ ದಿನವೂ "ನಿನ್ನೆಯಷ್ಟೇ ಇದೆ" ಎನ್ನುತ್ತಿದ್ದೆ. ಎಣಿಕೆಯವಳು ಕಂಡದ್ದನ್ನು ಕಂಡಹಾಗೆ ಹೇಳಬೇಕು ಎಂಬ ಕಟ್ಟು ಚಾವಡಿಗೆ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ.

ಕಾರ್ತಿಕ ಕಳೆದ ಮೇಲೆ ಒಂದು ದಿನ ಬೆಳಕು ಸಣ್ಣದಾಗುವುದು ನಿಂತಿತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ನಾನು ಹೇಳುತ್ತಿದ್ದ ಸುಳ್ಳು ನಿಜವಾಗಿಬಿಟ್ಟಿತ್ತು, ಅದಕ್ಕೆ ನನಗೆ ಭಯವಾಯಿತು. ಅವಳು ಅಂಚಿಗೆ ತಲುಪಿದ್ದಾಳೆ ಎಂದರು ಕೆಲವರು. ಕಾಲು ಉಳುಕಿ ಕೂತಿದ್ದಾಳೆ ಎಂದರು ಕೆಲವರು. ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. "ಈ ಸಲ ಗುಂಡು ಮಾಡಿದ್ರೆ ಕೂತೋಳು ಉರುಳಿ ಬಿದ್ರೆ?" "ಚಪ್ಪಟೆ ಇದ್ರೆ ಲೈಟು ನೋಡ್ಕೊಂಡು ಹಿಂದಕ್ಕಾದ್ರೂ ಬತ್ತಾಳಲ್ಲ." "ಬರೋಳಾಗಿದ್ರೆ ಎರಡು ತಿಂಗಳಿಂದ ಯಾಕೆ ಕೂತವಳೆ?" "ಆಚೆಗೆ ಹೋಗೋಕೆ ನೆಲ ಇಲ್ವಲ್ಲ, ಅದಕ್ಕೆ." ಕೇಳಿ ಕೇಳಿ ನನಗೂ ದಿಕ್ಕು ತೋಚದಾಯಿತು. ನಿವೃತ್ತಳಾದಾಗ ಶಾಲೆಯಿಂದ ಮನೆಗೆ ತಂದುಕೊಂಡಿದ್ದ ಗ್ಲೋಬನ್ನು ಬೀರುವಿನ ಮೇಲಿಂದ ಇಳಿಸಿ, ದಿಂಬಿನ ಚೀಲ ತೆಗೆದು, ಒಂದು ಮಧ್ಯಾಹ್ನವೆಲ್ಲ ತಿರುಗಿಸುತ್ತ ಕೂತೆ. ಮೇಲಿನ ತುದಿಯಲ್ಲಿ ಒಂದು ಮೊಳೆ ಇದೆ, ಅದರ ಸುತ್ತ ಬಿಳಿ ಬಣ್ಣ. ಅದರ ಪಕ್ಕ ಬೆರಳಿಟ್ಟು, "ಇಲ್ಲಿ ಇದ್ದೀಯೇನಮ್ಮ?" ಎಂದು ಕೇಳಿದೆ. ವಯಸ್ಸಾದವರು ಒಬ್ಬರೇ ಇರುವಾಗ ಇಂಥದ್ದೆಲ್ಲ ಮಾಡುತ್ತೇವೆ.

ಮುಂದಿನ ವಾದದ ದಿನ ರುದ್ರಾಚಾರಿ ರಸಮಟ್ಟವನ್ನು ಕಲ್ಲಿನ ಮೇಲಿಟ್ಟು, ಬಹಳ ಹೊತ್ತು ಗುಳ್ಳೆಯನ್ನೇ ನೋಡಿ, "ಇದೂ ಮನುಷ್ಯ ಮಾಡಿದ್ದೇ ಅಲ್ವಾ. ಇಷ್ಟುದ್ದದ ಕಲ್ಲು ಮಟ್ಟ ಅಂತ ಹೇಳ್ತದೆ. ಭೂಮಿ ಉದ್ದಕ್ಕೂ ಇಟ್ಟು ನೋಡಿದೋರು ಯಾರು?" ಎಂದ. ಚಾವಡಿಯಲ್ಲಿ ಗುಜುಗುಜು ಎದ್ದಿತು. ತಿರುಮಲಶೆಟ್ಟಿ ತಿಗರಿ ನಿಲ್ಲಿಸಿದ. "ಹಂಗಲ್ಲ ಆಚಾರಿ, ನಾನೂ ಯೋಚನೆ ಮಾಡಿವ್ನಿ. ಮಡಕೆ ಗುಂಡಗಾದ್ರೂ ನಾನು ಕೂತಿರೋ ನೆಲ ಮಟ್ಟವಾಗೇ ಅದಲ್ಲ" ಎಂದ. "ಲೋ, ನನ್ನ ಮಾತು ನೀನು ಯಾಕ್ಲಾ ಆಡ್ತೀಯ?" "ನನ್ನ ಮಾತು ನೀನು ಆಡಿದ್ದಕ್ಕೆ!" ಅಷ್ಟಕ್ಕೇ ಇಬ್ಬರೂ ಕೂತುಬಿಟ್ಟರು. ಬೀರಮ್ಮ ದಾಟಿ ಬರಲಿ ಎಂದು ಒಬ್ಬ ಗುಂಡಿಗೆ ಬಂದಿದ್ದ. ಮಾದಯ್ಯನ ಕಣ್ಣಿಂದ ಆ ಬೆಳಕು ಹೋಗದಿರಲಿ ಎಂದು ಇನ್ನೊಬ್ಬ ಚಪ್ಪಟೆಗೆ ಬಂದಿದ್ದ. ಡಬ್ಬಿ ತೆಗೆದಾಗಲೂ ಹಾಗೆಯೇ, ಆಚಾರಿಯ ಮನೆಯದ್ದು ಮುದ್ದೆ, ಶೆಟ್ಟಿಯ ಮನೆಯದ್ದು ರೊಟ್ಟಿ. ಅವರ ಹೆಂಡತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಹೊನ್ನಾಜಮ್ಮ ಆ ಬೆಳಿಗ್ಗೆ ಒಲೆಯನ್ನೇ ಹಚ್ಚಿರಲಿಲ್ಲ. "ನಂಗೆ ಏನೂ ತಿಳೀತಿಲ್ಲ ಮೇಡಮ್ಮ. ಬರಲಿ ಅಂತಿದ್ದೆ. ಈಗ ಆ ಬೆಳಕು ಹೋಯ್ತದಲ್ಲ ಅಂದ್ರೆ ಎದೆ ಝಲ್ ಅಂತದೆ. ಯಾರೇನು ಮಾಡ್ತಾರೋ ಮಾಡ್ಕಳ್ಳಿ" ಎಂದು ಹೊರಗಿನ ಜಗುಲಿಯಲ್ಲಿ ಕೂತಿದ್ದಳು. ಡಬ್ಬಿ ತಂದವನು ಮಾದಯ್ಯನೇ, ಅಡುಗೆ ಮಾಡಿದವನೂ ಅವನೇ. ಮುಚ್ಚಳ ತೆಗೆದೆ. ಗಂಟುಗಂಟಾದ, ಅರೆಬೆಂದ, ಗ್ರೀಸಿನ ಕರಿ ಅಲ್ಲಲ್ಲಿ ಮೆತ್ತಿದ ಒಂದು ಮುದ್ದೆ. ಕಂಡರೆ ಸಾಕು ಎನ್ನುತ್ತಿದ್ದವನು ಕಾಣುವುದನ್ನು ತಾನೇ ಬಿಟ್ಟುಕೊಟ್ಟಿದ್ದ. ಹನ್ನೊಂದು ಹೆಚ್ಚಿಗೆ ಬಂದು ಮುದ್ದೆ ಗೆದ್ದಿತು. ಆ ಸಂಜೆ ಸೂರ್ಯ ಬೇಲಿಯ ಹಿಂದೆ ಇಳಿದ. ಉತ್ತರದಲ್ಲಿ ಏನೂ ಕಾಣಲಿಲ್ಲ. ಮಾದಯ್ಯ ಅಭ್ಯಾಸಬಲದಿಂದ ಸೈಕಲ್ ತಂದು, ಸ್ಟ್ಯಾಂಡ್ ಹಾಕಿ, ಒಂದಿಷ್ಟು ಹೊತ್ತು ಸುಮ್ಮನೆ ಪೆಡಲ್ ತುಳಿದ. ನಾವ್ಯಾರೂ ಬೇಡ ಎನ್ನಲಿಲ್ಲ.

ಎಂಟು ತಿಂಗಳು ಏನೂ ಇಲ್ಲ. ನನ್ನ ಮನೆ ಊರಿನ ದಕ್ಷಿಣದ ತುದಿಯಲ್ಲಿದೆ. ಭಾದ್ರಪದದ ಒಂದು ಮಧ್ಯಾಹ್ನ ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ದಕ್ಷಿಣದ ದಾರಿಯಲ್ಲಿ ಹೆಂಗಸೊಬ್ಬಳು ಬರುತ್ತಿದ್ದಳು. ಅಷ್ಟು ಬಿಸಿಲಿನಲ್ಲಿ ಕಂಬಳಿ ಹೊದ್ದಿದ್ದಳು. ಕಾಲಿಗೆ ಯಾವುದೋ ಪ್ರಾಣಿಯ ತುಪ್ಪಳ ಸುತ್ತಿತ್ತು, ಕೈಯಲ್ಲಿ ಗಾಜು ಒಡೆದ ಲಾಟೀನು. "ಮೇಡಮ್ಮ, ಈ ವರ್ಷ ಯಾವ ವರ್ಷ?" ಎಂದಳು. "ಮುದ್ದೆಯ ವರ್ಷ ಕಣೇ" ಎಂದೆ. ಮೊರ ಎಲ್ಲಿ ಬಿತ್ತೋ ಗೊತ್ತಿಲ್ಲ. "ಅಂದ್ಕೊಂಡೆ" ಎಂದು ನಕ್ಕಳು. ನಾನು ನೀರು ಕೊಟ್ಟು, ಅವಳ ಚೀಲ ಹೊತ್ತು ಮನೆಯವರೆಗೂ ಹೋದೆ. ನಡುದಾರಿಯಲ್ಲಿ ಯಾರೋ ಚೀಲವನ್ನು ನನ್ನ ಹೆಗಲಿಂದ ಎತ್ತಿಕೊಂಡರು. ಯಾರೆಂದು ತಿರುಗಿ ನೋಡುವ ಹೊತ್ತಿಗೆ ಅರ್ಧ ಊರು ಹಿಂದೆ ಇತ್ತು.

ಅವಳ ಮನೆಯ ಅಂಗಳದಲ್ಲಿ ರುದ್ರಾಚಾರಿ, ತಿರುಮಲಶೆಟ್ಟಿ ಇಬ್ಬರೂ ಮುಂದೆಯೇ ಕೂತರು. "ಹೇಳವ್ವ ಈಗ. ಗುಂಡೋ, ಚಪ್ಪಟೆಯೋ?" ಬೀರಮ್ಮ ಕಾಲಿನ ತುಪ್ಪಳ ಬಿಚ್ಚುತ್ತ ಯೋಚಿಸಿದಳು. "ಒಂದು ಮಧ್ಯಾಹ್ನ ಮಲಗಿ ಎದ್ದೆ, ಎಲ್ಲಾ ಮಟ್ಟವಾಗಿತ್ತು. ಸಂಜೆ ಹಿಂದಕ್ಕೆ ತಿರುಗಿ ನೋಡಿದ್ರೆ ಇವ್ರ ಸೈಕಲ್ ಲೈಟು. ಬೆನ್ನ ಹಿಂದೆ ಬೆಳಕಿತ್ತಲ್ಲ, ಮುಂದಕ್ಕೆ ಹೋಗಾಕೆ ಹೆದರಿಕೆ ಆಗ್ಲಿಲ್ಲ. ಇಲ್ದಿದ್ರೆ ಎಂದೋ ಹಿಂದಕ್ಕೆ ಬರ್ತಿದ್ದೆ. ಆಮೇಲೆ ಮಂಜುಗಡ್ಡೆ ಬಂತು, ಅದರ ಅಂಚು ಬಂತು." "ಅಂಚಿನ ಆಚೆ ಏನಿತ್ತು?" "ಏನೂ ಕಾಣ್ಲಿಲ್ಲ ಆಚಾರಣ್ಣ. ಏನೂ ಇಲ್ದೆ ಕಾಣ್ಲಿಲ್ವೋ, ನನ್ನ ಕಣ್ಣಿಗೆ ಕಾಣ್ಲಿಲ್ವೋ, ತಿಳೀಲಿಲ್ಲ. ನಿಮ್ಮ ವಾದದ ದಿನ ಬರಲಿ, ನೀವು ಹೆಂಗೂ ಒಪ್ಪಿದ್ದನ್ನ ಬದಲಾಯಿಸೋ ಜನ ಅಂತ ಅಲ್ಲೇ ಕೂತ್ಕೊಂಡೆ. ಅಲ್ಲಿನ ಮೀನು ಹಿಡಿಯೋ ಜನ ಲಾಟೀನಿಗೆ ಎಣ್ಣೆ ಕೊಟ್ರು, ನಾನು ಒಂದು ಕಂಬಳಿ ಕೊಟ್ಟೆ. ಒಂದಿನ ಸೈಕಲ್ ಲೈಟು ಪಕ್ ಅಂತ ಮುಳುಗಿಹೋಯ್ತು. ಮುಂದೆ ನೋಡಿದ್ರೆ ಅಂಚಿನಾಗೆ ನೆಲ ಬಗ್ಗಿತ್ತು. ಅಲ್ಲಿಂದ ಮುಂದಕ್ಕೆ ನಡೆಯೋದೇ ಮನೆಗೆ ಬರೋದು ಅಂತ ನಡೆದೆ. ಮಧ್ಯೆ ಒಂದು ಕಡೆ ಮಾವಿನಹಣ್ಣು ತಿಂದೆ, ಆಮೇಲೆ ಇನ್ನೊಂದು ಸಲ ಚಳಿ ಬಂತು." "ಹಂಗಾದ್ರೆ ಗುಂಡು" ಎಂದ ತಿರುಮಲಶೆಟ್ಟಿ. "ಅಂಚು ಇತ್ತು ಅಂದ್ಳಲ್ಲ, ಕಿವಿ ಕೇಳಲ್ವಾ ನಿಂಗೆ?" ಎಂದ ರುದ್ರಾಚಾರಿ. ಅವರು ಸದ್ಯ ತಮ್ಮ ತಮ್ಮ ಮಾತಿಗೆ ವಾಪಸಾಗಿದ್ದರು. ಬೀಡಿ ಹಚ್ಚಿಕೊಂಡು, ಅವಳು ಉಣ್ಣಲಿ ಎಂದು ಜನರನ್ನು ಕರೆದುಕೊಂಡು ಹೊರಟರು.

ಮಾದಯ್ಯ ಅಷ್ಟು ಹೊತ್ತೂ ಬಾಗಿಲ ಹೊರಗೆ ಕೂತು, ಆ ಲಾಟೀನಿನ ಒಡೆದ ಗಾಜನ್ನು ಬಿಡಿಸುತ್ತಿದ್ದ. ಮಾಡಲು ಕೈಗೊಂದು ಕೆಲಸ ಬೇಕಿತ್ತೇನೋ. ಬೀರಮ್ಮ ಒಳಗೆ ಬಂದು ಗೋಡೆಗೆ ಒರಗಿ ಕೂತಳು, ನಾನು ಒಲೆಯ ಹತ್ತಿರ ಹೊನ್ನಾಜಮ್ಮನಿಗೆ ನೆರವಾಗಲು ಕೂತೆ. ಅವಳು ಕಣ್ಣು ಕಾಣದಿದ್ದರೂ ಹಿಟ್ಟಿನ ಕೋಲು ತಿರುವಿ, ಬೆಂದ ಹಿಟ್ಟನ್ನು ಕಲ್ಲಿನ ಮೇಲೆ ಹಾಕಿ, ಕೈ ನೀರಿಗೆ ಅದ್ದಿ ದುಂಡಗೆ ಮುದ್ದೆ ಕಟ್ಟಿದಳು. ಕಟ್ಟಿ ತಟ್ಟೆಗಿಟ್ಟಳು. ಆಮೇಲೆ ಇನ್ನೊಂದು ಸಲ ಕೈ ಒದ್ದೆ ಮಾಡಿಕೊಂಡು, ಬೆರಳು ಅಗಲಿಸಿ, ಆ ಮುದ್ದೆಯ ಮೇಲೆ ಅಂಗೈ ಇಟ್ಟು ಒತ್ತಿದಳು. ಮುದ್ದೆ ಚಪ್ಪಟೆಯಾಯಿತು. ನಡುವೆ ಅಚ್ಚುಕಟ್ಟಾಗಿ ಮೂಡಿದ ಒಂದು ಅಂಗೈ, ಐದು ಬೆರಳು.

"ಇದೇನು ಹೊನ್ನಾಜಮ್ಮ?" ಎಂದೆ. "ಇವಳಿಗೆ ಬಿಸಿ ತಡೆಯಾಕಿಲ್ಲ ಮೇಡಮ್ಮ. ಬೆಳಿಗ್ಗೆ ಮುದ್ದೆ ಕಟ್ಟಿದ್ರೆ ಮಧ್ಯಾಹ್ನ ಆದ್ರೂ ಒಳಗೆ ಸುಡ್ತದೆ ಅಂತ ಅಳ್ತಿದ್ಳು, ಚಿಕ್ಕೋಳಿದ್ದಾಗ. ಒತ್ತಿಕೊಟ್ರೆ ಬೇಗ ಆರ್ತದೆ. ಇವಳ ಹೆಸರು ಮನಸಿಗೆ ಬಂದ್ರೆ ನನ್ನ ಕೈ ತಾನಾಗೇ ಹಿಂಗೆ ಒತ್ಬುಡ್ತದೆ" ಎಂದಳು. "ಆ ವರ್ಷ ಚಾವಡಿಗೆ ಕಳಿಸಿದ್ದನ್ನೂ ಹೀಗೇ ಒತ್ತಿದ್ದೆಯಾ?" ಎಂದು ಕೇಳಿದೆ. ಅವಳ ಕೈ ನಿಂತಿತು. "ಗೊತ್ತಿಲ್ಲವ್ವ. ಅವತ್ತೆಲ್ಲ ಇವಳದ್ದೇ ಧ್ಯಾನ ಇತ್ತು" ಎಂದಳು. "ಆ ಮುದ್ದೆಯ ಮೇಲೆ ಒಂದು ಚುಕ್ಕೆ ಗ್ರೀಸೂ ಇರಲಿಲ್ಲ ಹೊನ್ನಾಜಮ್ಮ. ನಾನು ಆಗಲೇ ನೋಡಬೇಕಿತ್ತು. ಮಾದಯ್ಯ ಒತ್ತಿದ್ದಾನೆ ಅಂದುಕೊಂಡೆ. ಅವನು ಡಬ್ಬಿ ತೆಗೆದೇ ಇಲ್ಲ ಅಂದಾಗಲೂ ನಂಬಲಿಲ್ಲ." ಒಂದು ವರ್ಷ ಸೂರ್ಯ ಮುಳುಗದೆ ಇದ್ದದ್ದು, ಕೋಳಿಗಳು ಅಂಗಳದಲ್ಲಿ ನಿಂತದ್ದು, ಆ ಬೆಳಕು, ಆ ಸೈಕಲ್ಲು, ಎಲ್ಲವೂ ಈ ಕೈಯಿಂದ, ನನ್ನ ಒಂದು ಮಾತಿನಿಂದ. ಅದು ತಪ್ಪೋ ಒಳ್ಳೆಯದೋ ನನಗೆ ಇಂದಿಗೂ ಹೇಳಲು ಬರುವುದಿಲ್ಲ.

ಹೊನ್ನಾಜಮ್ಮ ಬೀರಮ್ಮನ ತಟ್ಟೆಯನ್ನು ಅವಳ ಮುಂದೆ ಇಟ್ಟಳು. ಮತ್ತೆ ಕಲ್ಲಿನ ಹತ್ತಿರ ಕೂತು ಇನ್ನೊಂದು ಮುದ್ದೆ ಕಟ್ಟಿದಳು, ಕೈ ಒದ್ದೆ ಮಾಡಿಕೊಂಡು ಅದರ ಮೇಲೂ ಅಂಗೈ ಒತ್ತಿದಳು, ಆ ಗುಳಿಯಲ್ಲಿ ಸಾರು ಬಿಟ್ಟಳು. ತಟ್ಟೆ ಹಿಡಿದು, ಗೋಡೆ ತಡವಿಕೊಂಡು, ಬಾಗಿಲವರೆಗೂ ತಾನೇ ಹೋದಳು. ಮಾದಯ್ಯ ಲಾಟೀನು ಪಕ್ಕಕ್ಕಿಟ್ಟು, ಗ್ರೀಸಿನ ಕೈಗಳನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತ. ಅವನು ಎಲ್ಲಿ ನಿಂತಿದ್ದಾನೆಂದು ಕಾಣದೆ ಅವಳು ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಚಾಚಿದಳು. ಅವನು ಒಂದು ಹೆಜ್ಜೆ ಆ ಕಡೆಗೆ ಸರಿದು, ಎರಡು ಕೈಯಲ್ಲೂ ತೆಗೆದುಕೊಂಡ.